ಬುದ್ಧಿಹಲ್ಲು ಕೀಳಿಸಿದ ಮೇಲೆ ಬಾಯಿ ಪೂರ್ತಿ ತೆಗೆಯೋಕೆ ಆಗ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದವನು. ಕೆಳಗಿನ ಬುದ್ಧಿಹಲ್ಲು ಅಡ್ಡ ಬೆಳೆದಿತ್ತು, ಹೋದ ವಾರ ಒಸಡು ಕೊಯ್ದು ತೆಗೆದರು. ಹೊಲಿಗೆ ಇನ್ನೂ ಇದೆ. ಗಲ್ಲದ ಬಾವು ಮೂರನೇ ದಿನದವರೆಗೆ ಏರಿ ಈಗ ಇಳಿಯುತ್ತಿದೆ. ದವಡೆ ಮಾತ್ರ ಬಿಗಿದುಕೊಂಡಿದೆ. ಹಲ್ಲುಗಳ ನಡುವೆ ಎರಡು ಬೆರಳು ಹಿಡಿಸಲ್ಲ. ಜೋಳದ ರೊಟ್ಟಿಯ ಮಾತೇ ಬೇಡ, ನುಚ್ಚು ಮಜ್ಜಿಗೆಗೂ ಚಿಕ್ಕ ಚಮಚವೇ ಬೇಕು.

ಮೊದಲು ಐಸ್ ಇಟ್ಟೆ, ಎರಡು ದಿನದ ನಂತರ ಬಿಸಿ ಬಟ್ಟೆಯ ಶಾಖ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುತ್ತಿದ್ದೇನೆ, ಕೊಟ್ಟ ಮಾತ್ರೆ ಮುಗಿಸಿದ್ದೇನೆ. ಜ್ವರ, ಕೀವು ಇಲ್ಲ, ನುಂಗೋಕೆ ತೊಂದರೆಯೂ ಇಲ್ಲ.

ಡಾಕ್ಟರು, 'ಸ್ನಾಯು ಬಿಗಿದಿದೆ, ಒಂದೆರಡು ವಾರದಲ್ಲಿ ಸಡಿಲ ಆಗುತ್ತೆ, ಬಾಯಿ ತೆಗೆದು ಮುಚ್ಚುವ ವ್ಯಾಯಾಮ ಮಾಡಿ' ಅಂದರು. ಎಷ್ಟು ಅಂತ ಹೇಳಲಿಲ್ಲ. ಮನೆಯಲ್ಲಿ ಅವ್ವ, 'ಸುಮ್ನೆ ಬಾಯಿ ಆಡಿಸಬೇಡ, ಹೊಲಿಗೆ ಬಿಚ್ಚುತ್ತೆ' ಅಂತಾಳೆ. ಲವಂಗದ ಎಣ್ಣೆ ಹಚ್ಚು ಅನ್ನೋರು ಜಾಸ್ತಿ ಇದ್ದಾರೆ, ಆದರೆ ನನ್ನ ತೊಂದರೆ ಹಲ್ಲುನೋವಲ್ಲ, ಬಿಗಿತ.

ಇದನ್ನು ಅನುಭವಿಸಿದವರು ಅಥವಾ ದಂತವೈದ್ಯರು ಇದ್ದರೆ ಹೇಳಿ: ವ್ಯಾಯಾಮ ಮಾಡುವಾಗ ನೋವು ಶುರುವಾದ ಕೂಡಲೇ ನಿಲ್ಲಿಸಬೇಕಾ, ಇಲ್ಲ ಸ್ವಲ್ಪ ತಡೆದುಕೊಂಡು ಹಿಗ್ಗಿಸಬೇಕಾ? ದಿನಕ್ಕೆ ಎಷ್ಟು ಸಲ?