ಸಹಾಯ ಬೇಕು: ಹಳೇ ಪಿಸಿನ ರೌಟರ್ ಮಾಡೋಕೆ ಐಪಿಫೈರಾ, ಓಪನ್‌ಡಬ್ಲ್ಯುಆರ್‌ಟಿನಾ?

ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಲೈನ್ ತುಂಡಾದರೆ ಎರಡು ದಿನ ನೆಟ್ ಇರಲ್ಲ, ಅದಕ್ಕೇ ಒಂದು 4ಜಿ ಡಾಂಗಲ್ ಇಟ್ಟುಕೊಂಡಿದ್ದೇನೆ. ಅಟ್ಟದಲ್ಲಿ ಅಡಿಕೆ ಚೀಲದ ಹಿಂದೆ ಬಿದ್ದಿದ್ದ 2 ಜಿಬಿ ರ‍್ಯಾಮ್‌ನ 64 ಬಿಟ್ ಪಿಸಿಗೆ ಎರಡನೇ ಲ್ಯಾನ್ ಕಾರ್ಡ್ ಹಾಕಿ, ಮೊದಲು ಐಪಿಫೈರ್ (ಪಿಸಿಯನ್ನು ರೌಟರ್-ಫೈರ್‌ವಾಲ್ ಮಾಡೋ ಲಿನಕ್ಸ್) ನೋಡಿದೆ. ಅದರಲ್ಲಿ ಕೆಂಪು ಅಂದ್ರೆ ಹೊರಗಿನ ಲೈನ್, ಹಸಿರು ಅಂದ್ರೆ ಮನೆ. ಸಲೀಸು. ಆದರೆ ಕೆಂಪು ಒಂದೇ, ಎರಡು ಲೈನ್ ಒಟ್ಟಿಗೆ ಕೂರಲಿಲ್ಲ. ಇಂಥದ್ದೇ ಇನ್ನೊಂದು, ಪಿಎಫ್‌ಸೆನ್ಸ್ ಹಾಕು ಅಂದ ಗೆಳೆಯ, ಆದರೆ ಅದು ನಿಂತಿರೋದು ಫ್ರೀಬಿಎಸ್‌ಡಿ ಅನ್ನೋ ಬೇರೆ ಓಎಸ್ ಮೇಲೆ, ನನಗೆ ಬರೋದು ಲಿನಕ್ಸ್ ಮಾತ್ರ.

ಈಗ ರೌಟರ್‌ಗಳಿಗೆ ಅಂತಲೇ ಇರೋ ಲಿನಕ್ಸ್ ಓಪನ್‌ಡಬ್ಲ್ಯುಆರ್‌ಟಿ, ಜೊತೆಗೆ ಎರಡು ಲೈನ್ ನಿಭಾಯಿಸೋ ಎಂವ್ಯಾನ್3 ಪ್ಯಾಕೇಜ್ ಹಾಕೋಣ ಅಂತಿದ್ದೇನೆ. ಗೊಂದಲ ಇಷ್ಟೇ: ಇಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ, ಯುಪಿಎಸ್ ಇಲ್ಲ, ಡಿಸ್ಕ್‌ನಲ್ಲಿರೋ ಫೈಲ್ ಕೆಡುವ ಭಯ. ಸ್ಕ್ವಾಶ್‌ಎಫ್‌ಎಸ್ ಇಮೇಜ್ (ಮೂಲ ಸಿಸ್ಟಮ್ ಓದೋಕೆ ಮಾತ್ರ) ಹಾಕಲಾ, ಇಎಕ್ಸ್‌ಟಿ4 (ಎಲ್ಲವನ್ನೂ ತಿದ್ದಿ ಬರೆಯಬಹುದು) ಹಾಕಲಾ? ಬಳಸಿದವರು ಯಾರಾದ್ರೂ ಹೇಳ್ತೀರಾ?