ತಾಯಿ ಹಂದಿಗಳ ಹಠಾತ್ ಸಾವು: ಯಕೃತ್ತಿನಲ್ಲಿ ಕಂಡ ಗಾಳಿಗುಳ್ಳೆಗಳು ಏನನ್ನು ಹೇಳುತ್ತವೆ?

ಹಂದಿ ಸಾಕಣೆದಾರ, ಬೆಳ್ಮಣ್

ಮೂರು ವಾರಗಳ ಅಂತರದಲ್ಲಿ ನಮ್ಮ ಎರಡು ತಾಯಿ ಹಂದಿಗಳು ಸತ್ತಿವೆ. ಎರಡೂ ಮರಿ ಹಾಕಿ ವಾರ ಕಳೆದಿರಲಿಲ್ಲ. ಸಂಜೆ ಎಂದಿನಂತೆ ತಿಂದಿದ್ದವು, ಬೆಳಿಗ್ಗೆ ಹೊಟ್ಟೆ ಉಬ್ಬಿ ಬಿದ್ದಿದ್ದವು. ಎರಡನೆಯದನ್ನು ಮಧ್ಯಾಹ್ನ ಕೊಯ್ದು ನೋಡಿದಾಗ ಯಕೃತ್ತಿನ ಒಳಭಾಗ ಕತ್ತರಿಸಿದ ಸಾನ್ನದಂತೆ (ಇಡ್ಲಿಯಂಥ ತಿಂಡಿ) ಗುಳ್ಳೆಗುಳ್ಳೆಯಾಗಿತ್ತು. ಪ್ರಯೋಗಾಲಯಕ್ಕೆ ಕಳುಹಿಸಿದ ತುಂಡಿನಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ವರದಿ ಬಂದಿದೆ. ಇದನ್ನೇ ಸಾವಿನ ಕಾರಣವೆಂದು ನಂಬಿ ಉಳಿದ ಹಂದಿಗಳಿಗೆಲ್ಲ ಪೆನಿಸಿಲಿನ್ ಕೊಡಿಸಬಹುದೇ?

ಪಶುವೈದ್ಯ, ಮಂಗಳೂರು

ಈ ವರದಿಯೊಂದನ್ನೇ ಆಧರಿಸಿ ನಿರ್ಣಯಕ್ಕೆ ಬರಬೇಡಿ. ನೀವು ವಿವರಿಸಿದ ಯಕೃತ್ತು ಕ್ಲಾಸ್ಟ್ರಿಡಿಯಂ ನೋವಿಯ ಸೋಂಕಿನ ಪ್ರಸಿದ್ಧ ಲಕ್ಷಣವೇ ಹೌದು. ಮರಿ ಹಾಕಿದ ಆಸುಪಾಸಿನಲ್ಲಿರುವ ತಾಯಿ ಹಂದಿಗಳನ್ನು ಅದು ಹೆಚ್ಚಾಗಿ ಕಾಡುತ್ತದೆ ಎಂಬುದೂ ನಿಜ. ಆದರೆ ಈ ಜಾತಿಯ ಬ್ಯಾಕ್ಟೀರಿಯಾಗಳು ಆರೋಗ್ಯವಂತ ಹಂದಿಯ ಕರುಳಿನಲ್ಲಿಯೂ ಇರುತ್ತವೆ, ಪ್ರಾಣ ಹೋದ ಮೇಲೆ ಅಲ್ಲಿಂದ ಹೊರಟು ಕೆಲವೇ ತಾಸುಗಳಲ್ಲಿ ಯಕೃತ್ತನ್ನು ಸೇರುತ್ತವೆ. ನಮ್ಮ ಕರಾವಳಿಯ ಸೆಕೆಯಲ್ಲಿ ರಾತ್ರಿ ಸತ್ತ ಹಂದಿ ಮಧ್ಯಾಹ್ನದ ವೇಳೆಗೆ ಕೊಳೆತೇ ಇರುತ್ತದೆ. ಆಗ ಕಂಡ ಗುಳ್ಳೆಗಳು ರೋಗದವೋ ಕೊಳೆತದ್ದರವೋ ಎಂದು ಯಾರೂ ಹೇಳಲಾರರು.

ಸತ್ತು ಎರಡು ಮೂರು ತಾಸಿನೊಳಗೆ ತೆರೆದ ಹಂದಿಯಲ್ಲಿ ಮೂತ್ರಪಿಂಡ, ಸ್ನಾಯುಗಳು ತಾಜಾ ಆಗಿದ್ದು, ಯಕೃತ್ತು ಮಾತ್ರ ಗಾಳಿ ತುಂಬಿಕೊಂಡಿದ್ದರೆ, ಜೊತೆಗೆ ಎದೆಗೂಡಿನಲ್ಲಿ ರಕ್ತಮಿಶ್ರಿತ ದ್ರವವಿದ್ದರೆ, ಅನುಮಾನಕ್ಕೆ ಬಲ ಬರುತ್ತದೆ. ಆ ಯಕೃತ್ತಿನಲ್ಲಿ ನೋವಿಯನ್ನೇ ಅದರ ವಂಶವಾಹಿಯಿಂದ ಗುರುತಿಸುವ ಪಿಸಿಆರ್ ಪರೀಕ್ಷೆಯಾಗಬೇಕು. ಆಮ್ಲಜನಕ ಸೋಕಿದರೆ ಬೆಳೆಯದ ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಕಷ್ಟ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾರಣ ತಿಳಿಯದೆ ಸತ್ತ ಹಂದಿಯನ್ನು ನೀವೇ ಕೊಯ್ಯಬೇಡಿ. ಗಂಟಲು ಊದಿದ್ದರೆ ಅಥವಾ ಮೂಗು, ಗುದದ್ವಾರಗಳಿಂದ ರಕ್ತ ಬಂದಿದ್ದರೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇಲ್ಲವೆಂದು ಮೊದಲು ಖಚಿತವಾಗಬೇಕು. ದನಗಳಲ್ಲಿ ಇದಕ್ಕೆ ಗಾಜಿನ ಮೇಲೆ ಹರಡಿದ ಕಿವಿಯ ರಕ್ತದ ಲೇಪ ಸಾಮಾನ್ಯವಾಗಿ ಸಾಕಾಗುತ್ತದೆ. ಹಂದಿಯ ರಕ್ತದಲ್ಲಿ ರೋಗಾಣುಗಳು ವಿರಳವಾಗಿರುವುದರಿಂದ ಊದಿದ ಗಂಟಲಿನ ದ್ರವವನ್ನೂ ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿ ನೋಡಬೇಕಾಗುತ್ತದೆ.

ಸಾಕಣೆದಾರ, ಕಿನ್ನಿಗೋಳಿ

ನಮ್ಮಲ್ಲಿ ಸತ್ತದ್ದು ಹಾಲು ಬಿಡಿಸಿ ಹತ್ತು ದಿನವಾದ, ಗುಂಪಿನಲ್ಲಿಯೇ ಚೆನ್ನಾಗಿ ಬೆಳೆದಿದ್ದ ಮರಿಗಳು. ಕಣ್ಣುರೆಪ್ಪೆ ಊದಿದ್ದವು, ಸಾಯುವ ಮೊದಲು ಒಂದೆರಡು ಮರಿಗಳು ತೂರಾಡಿದ್ದವು. ಕರುಳಿನಿಂದ ಬೆಳೆಸಿದ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಶಿಗಾ ವಿಷದ ವಂಶವಾಹಿ ಸಿಕ್ಕಿದ್ದರಿಂದ ಅದು ಬಾವು ರೋಗವೆಂದು ಖಚಿತವಾಯಿತು. ಸತ್ತ ಹಂದಿಯ ವಯಸ್ಸನ್ನು ಮಾದರಿಯ ಜೊತೆ ಬರೆದು ಕಳುಹಿಸಿದ್ದು ವೈದ್ಯರಿಗೆ ಬಹಳ ಉಪಯೋಗವಾಯಿತು.

ಹಂದಿ ಸಾಕಣೆದಾರ, ಬೆಳ್ಮಣ್

ಧನ್ಯವಾದಗಳು. ಗಂಟಲು ಊದಿರಲಿಲ್ಲ, ರಕ್ತವೂ ಬಂದಿರಲಿಲ್ಲ. ಮುಂದೆ ಹೀಗಾದರೆ ಯಾವ ಮಾದರಿಗಳನ್ನು ಕಳುಹಿಸಬೇಕು?

ಪಶುವೈದ್ಯ, ಮಂಗಳೂರು

ಬೆಳಗಾಗುವವರೆಗೆ ಕಾಯದೆ ನಿಮ್ಮ ಪಶುವೈದ್ಯರಿಗೆ ಕರೆ ಮಾಡಿ. ಯಕೃತ್ತು, ಗುಲ್ಮ (ಸ್ಪ್ಲೀನ್), ಶ್ವಾಸಕೋಶದ ತುಂಡುಗಳನ್ನು ಅವರು ಬೇರೆಬೇರೆ ಚೀಲಗಳಲ್ಲಿ ಮಂಜುಗಡ್ಡೆಯ ನಡುವೆ ಇಡಲಿ. ಫಾರ್ಮಲಿನ್‌ನಲ್ಲಿ ಹಾಕಿದ ತುಂಡಿನಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅದು ಅಂಗಾಂಶದ ಸೂಕ್ಷ್ಮದರ್ಶಕ ಪರೀಕ್ಷೆಗೆ ಮಾತ್ರ. ಗುಲ್ಮದಲ್ಲಿ ಎರಿಸಿಪೆಲಾಸ್ ಎಂಬ ಬ್ಯಾಕ್ಟೀರಿಯಾ ರೋಗವನ್ನು ಹುಡುಕುವಂತೆ ಕೇಳಿ. ಆ ರೋಗದಲ್ಲಿ ಚರ್ಮದ ಮೇಲೆ ಬರುವ ವಜ್ರಾಕೃತಿಯ ಕಲೆಗಳು ಕಪ್ಪು ಹಂದಿಗಳಲ್ಲಿ ಕಣ್ಣಿಗೆ ಬೀಳದಿದ್ದರೂ ಕೈಯಾಡಿಸಿದರೆ ಉಬ್ಬುಗಳಾಗಿ ಸಿಗುತ್ತವೆ. ಮೂಗಿನಲ್ಲಿ ರಕ್ತದ ನೊರೆಯಿದ್ದರೆ ಶ್ವಾಸಕೋಶದಲ್ಲಿ ಆಕ್ಟಿನೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾವನ್ನು ಹುಡುಕಬೇಕು. ಅದು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಸಾಧಾರಣ ರಕ್ತ ಅಗಾರ್‌ನಲ್ಲಿ ಸಾಮಾನ್ಯವಾಗಿ ಬೆಳೆಯದ ಕಾರಣ ಅನುಮಾನವನ್ನು ಚೀಟಿಯಲ್ಲಿಯೇ ಬರೆಯಿರಿ. ಹೋಟೆಲಿನ ಉಳಿಕೆ ಆಹಾರ ಹಾಕುತ್ತಿದ್ದರೆ ಆಫ್ರಿಕನ್ ಹಂದಿ ಜ್ವರದ ಪರೀಕ್ಷೆಯೂ ಆಗಲಿ. 2020ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಕಾಣಿಸಿಕೊಂಡ ಆ ವೈರಾಣುವಿಗೆ ಪೆನಿಸಿಲಿನ್ ಏನೂ ಮಾಡದು. ಬದುಕಿರುವ ಹಂದಿಗೆ ಜ್ವರ ಕಂಡರೆ ರಕ್ತ ತೆಗೆದ ಮೇಲೆಯೇ ಚುಚ್ಚುಮದ್ದು ಕೊಡಿಸಿ.