ಮುದ್ದೆ ಬಿಟ್ಟು ಐದು ದಿನಕ್ಕೆ ಎರಡೂವರೆ ಕೆ.ಜಿ. ಇಳಿದರು, ಸುಸ್ತು ಯಾಕೆ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮೆಜಮಾನ್ರಿಗೆ 42, ದಿನಾ ಸಂಜೆ ಶಟಲ್ ಆಡ್ತಾರೆ. ಮುದ್ದೆ, ಅನ್ನ, ಚಪಾತಿ ಪೂರ್ತಿ ಬಿಟ್ಟು ಮೊಟ್ಟೆ, ಪನೀರ್, ಕಡಲೆಬೀಜ ತಿಂತಿದಾರೆ. ಐದೇ ದಿನಕ್ಕೆ ಎರಡೂವರೆ ಕೆ.ಜಿ. ಇಳಿದಿದೆ. ಆದ್ರೆ ಎರಡನೇ ಗೇಮಿಗೇ ಕಾಲು ಸೋತು ಕೂತುಬಿಡ್ತಾರೆ. ಕೊಬ್ಬು ಕರಗಿದ್ರೆ ಶಕ್ತಿ ಬರ್ಬೇಕಲ್ವಾ? ಶುಗರ್, ಬಿಪಿ ಇಲ್ಲ.

ಡಯಟೀಷಿಯನ್: ಇಳಿದದ್ದರಲ್ಲಿ ಹೆಚ್ಚಿನದು ನೀರು ಅಮ್ಮ. ಊಟದ ಪಿಷ್ಟ ಗ್ಲೂಕೋಸ್ ಆಗುತ್ತೆ. ಅದರಲ್ಲಿ ಉಳಿದದ್ದನ್ನು ದೇಹ ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತೆ: ಲಿವರಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಆಸುಪಾಸು. ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರಿರುತ್ತೆ. ಗ್ಲೈಕೋಜನ್ ಖರ್ಚಾದರೆ ಆ ನೀರೂ ಹೋಗುತ್ತೆ.

ನೀವೇ ಲೆಕ್ಕ ಹಾಕಿ. ಒಂದು ಕೆ.ಜಿ. ಮೈಕೊಬ್ಬು ಅಂದ್ರೆ ಹೆಚ್ಚುಕಡಿಮೆ 7,700 ಕ್ಯಾಲೊರಿ. ಎರಡೂವರೆ ಕೆ.ಜಿ.ಗೆ 19,000 ದಾಟುತ್ತೆ. ದಿನಕ್ಕೆ 2,500 ಖರ್ಚಾಗುತ್ತೆ ಅಂತಿಟ್ಟುಕೊಂಡರೂ, ಐದು ದಿನ ಬರೀ ನೀರು ಕುಡಿದಿದ್ದರೂ 12,500 ಅಷ್ಟೇ.

ಇನ್ನು ಸುಸ್ತು. ಕೊಬ್ಬಲ್ಲಿ ಗ್ರಾಮಿಗೆ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಲ್ಲಿ 4. ಆದರೆ ಕೊಬ್ಬು ಉರಿಯೋದು ನಿಧಾನ, ಆಮ್ಲಜನಕ ಇಲ್ಲದೆ ಉರಿಯೋದೇ ಇಲ್ಲ. ಕೂತಾಗ, ವಾಕಿಂಗಲ್ಲಿ ಅದು ಧಾರಾಳ ಸಾಕು. ನೆಟ್ ಹತ್ತಿರದ ಡ್ರಾಪಿಗೆ ನುಗ್ಗಿ, ಮರುಕ್ಷಣ ಹಿಂದಕ್ಕೋಡಿ ಸ್ಮ್ಯಾಶ್ ಹೊಡೆಯಬೇಕಾದಾಗ ಸ್ನಾಯು ಗ್ಲೈಕೋಜನ್ನೇ ಕೇಳುತ್ತೆ. ಅವರಲ್ಲಿ ಈಗ ಕಮ್ಮಿಯಾಗಿರೋದು ಅದೇ.

ಮತ್ತೊಬ್ಬರು: ಪ್ರೋಟೀನ್ ಶಕ್ತಿ ಕೊಡಲ್ವಾ ಮೇಡಂ?

ಡಯಟೀಷಿಯನ್: ಕೊಡುತ್ತೆ ಸರ್, ಆದರೆ ಅದರ ಮುಖ್ಯ ಕೆಲಸ ಮೈ ಕಟ್ಟೋದು, ಸವೆದದ್ದನ್ನು ರಿಪೇರಿ ಮಾಡೋದು. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಊಟದಲ್ಲಿ ಸಿಗದಿದ್ದರೆ ಲಿವರ್ ಪ್ರೋಟೀನಿಂದಲೂ ಅದನ್ನು ತಯಾರಿಸುತ್ತೆ. ಕೆಲವು ದಿನ ಕಳೆದ ಮೇಲೆ ಕೊಬ್ಬಿಂದ ಬರೋ ಕೀಟೋನುಗಳು ಮಿದುಳಿನ ಹೊರೆ ಹಂಚಿಕೊಳ್ಳುತ್ತವೆ. ಅಷ್ಟರಲ್ಲಿ ತಿನ್ನೋ ಪ್ರೋಟೀನ್ ಸಾಲದಿದ್ದರೆ ಮೈಯ ಸ್ನಾಯುವೇ ಕರಗುತ್ತೆ, ತೊಲೆ ಕಿತ್ತು ಒಲೆಗಿಟ್ಟ ಹಾಗೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಮುದ್ದೆ ಕೊಡ್ಲಾ ಮೇಡಂ?

ಡಯಟೀಷಿಯನ್: ಕೊಡಿ. ಮೊದಲು ಮಾಡ್ತಿದ್ದದರ ಅರ್ಧ ಸೈಜಿಂದು, ಜೊತೆಗೆ ಕಾಳು ಹಾಕಿದ ಬಸ್ಸಾರು. ಆಟಕ್ಕೆ ಒಂದು ಗಂಟೆ ಮುಂಚೆ ಒಂದು ಬಾಳೆಹಣ್ಣು. ಮೊಟ್ಟೆ ನಿಲ್ಲಿಸಬೇಡಿ. ವಾರದಲ್ಲಿ ತೂಕ ಒಂದೂವರೆ ಕೆ.ಜಿ. ಮೇಲೇರಬಹುದು, ಗಾಬರಿ ಬೀಳಬೇಡಿ. ಹೋದ ನೀರು ವಾಪಸ್ ಬಂದಿರುತ್ತೆ. ಎರಡು ವಾರ ಬಿಟ್ಟು ಸೊಂಟದ ಸುತ್ತಳತೆ ತೆಗೆದು ಇಲ್ಲೇ ಹಾಕಿ, ನೋಡೋಣ.